ಎಸ್‌ಡಿಎಂಸಿ ಅಂದ್ರೆ ಬರೀ ಸಹಿ ಅಲ್ಲ: ಊರ ಶಾಲೆಯ ಠರಾವು ಬೆಂಗಳೂರು ಮುಟ್ಟೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಚಡಚಣದಿಂದ ಮಾತಾಡ್ತಿದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಇರೋರು, ಹೊಲದಲ್ಲಿ ಇರೋರು, ಪಿಜಿಯಲ್ಲಿ ಕೂತಿರೋರು, ಎಲ್ಲರಿಗೂ ಒಂದು ಪ್ರಶ್ನೆ. ನಿಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು ಯಾರು?

ಗೊತ್ತಿದ್ರೆ ಶಹಬ್ಬಾಸ್. ಹೆಚ್ಚಿನವರಿಗೆ ಗೊತ್ತಿರಲ್ಲ. ಗೊತ್ತಿದ್ರೂ ಒಂದೇ ಚಿತ್ರ ನೆನಪಾಗುತ್ತೆ: ಆಗಸ್ಟ್ ಹದಿನೈದಕ್ಕೆ ಧ್ವಜದ ಪಕ್ಕ ನಿಂತವರು, ಬ್ಯಾಂಕಿನ ಚೆಕ್ಕಿಗೆ ಹೆಡ್‌ಮಾಸ್ತರರ ಜೊತೆ ಸಹಿ ಹಾಕುವವರು. ಅಷ್ಟೇ ಅಂದ್ಕೊಂಡಿದ್ದೀವಿ. ಆದ್ರೆ ಈ ದೇಶದಲ್ಲಿ ಒಬ್ಬ ಸಾಮಾನ್ಯ ತಾಯಿಗೆ, ತಂದೆಗೆ ಸರ್ಕಾರದ ಶಿಕ್ಷಣ ನೀತಿಯ ಬಗ್ಗೆ ಮಾತಾಡೋಕೆ ಕಾನೂನೇ ಹಾಕಿಕೊಟ್ಟ ಕುರ್ಚಿ ಅದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಆ ಕುರ್ಚಿ ಮೇಲೆ ಕೂತವರು ಒಂದು ನಿಲುವು ತಗೊಂಡ್ರೆ ಅದು ಎಲ್ಲಿವರೆಗೆ ಹೋಗುತ್ತೆ, ಯಾಕೆ ಬಹಳ ಸಲ ಹೋಗೋದೇ ಇಲ್ಲ, ಇವತ್ತು ಅದನ್ನ ಬಿಡಿಸಿ ನೋಡೋಣ.

ಸ್ಕೂಲ್ ಬೋರ್ಡಿನಿಂದ ಎಸ್‌ಡಿಎಂಸಿವರೆಗೆ

ನಮ್ಮ ಕಡೆ ಹಿರಿಯರನ್ನ ಕೇಳಿದ್ರೆ 'ಸ್ಕೂಲ್ ಬೋರ್ಡ್' ಅನ್ನೋ ಮಾತು ಸಿಗಬಹುದು. 1956ರವರೆಗೆ ಅಂದಿನ ವಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿ 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆ, ಆಮೇಲೆ 1947ರ ಕಾಯ್ದೆ, ಎರಡೂ ಪ್ರಾಥಮಿಕ ಶಾಲೆಗಳ ಆಡಳಿತಕ್ಕೆ ಸ್ಕೂಲ್ ಬೋರ್ಡುಗಳನ್ನ ಇಟ್ಟುಕೊಂಡಿದ್ದವು. ಆದ್ರೆ ಆ ಬೋರ್ಡು ಕೂಡುತ್ತಿದ್ದದ್ದು ಜಿಲ್ಲೆಯ ಮಟ್ಟದಲ್ಲಿ. ಹಳ್ಳಿಯ ಪೋಷಕರಿಗೆ ಅದು ದೂರದ ಮನೆ.

ಊರ ಮಟ್ಟಕ್ಕೆ ಈ ವಿಚಾರ ಇಳಿದದ್ದು 2001ರಲ್ಲಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಮಾಡಿದ ಶಿಫಾರಸಿನ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರ ಆ ವರ್ಷ ಏಪ್ರಿಲ್‌ನಲ್ಲಿ ಆದೇಶ ಹೊರಡಿಸ್ತು: ಪ್ರತಿ ಸರ್ಕಾರಿ ಶಾಲೆಗೂ ಒಂದು ಎಸ್‌ಡಿಎಂಸಿ. 2006ರಲ್ಲಿ ಅದನ್ನ ಗ್ರಾಮ ಪಂಚಾಯಿತಿ ವ್ಯವಸ್ಥೆಗೆ ಜೋಡಿಸುವ ಮಾದರಿ ಉಪವಿಧಿ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದ್ರೆ ಆರ್‌ಟಿಇ, ಇಂಥ ಸಮಿತಿಯನ್ನ ಇಡೀ ದೇಶಕ್ಕೆ ಕಡ್ಡಾಯ ಮಾಡಿತು. ಅಂದ್ರೆ ಆರ್‌ಟಿಇ ಬರೋಕೆ ಎಂಟು ವರ್ಷ ಮೊದಲೇ ನಮ್ಮ ರಾಜ್ಯದಲ್ಲಿ ಈ ಕುರ್ಚಿ ಇತ್ತು.

ಕಾಯ್ದೆಯ 21ನೇ ಸೆಕ್ಷನ್ ಏನು ಹೇಳುತ್ತೆ? ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಆ ಶಾಲೆಯ ಮಕ್ಕಳ ತಂದೆ-ತಾಯಿ ಅಥವಾ ಪೋಷಕರೇ ಇರಬೇಕು. ಅರ್ಧದಷ್ಟು ಮಹಿಳೆಯರು ಇರಬೇಕು. ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು. ನಮ್ಮಲ್ಲಿ ಅಧ್ಯಕ್ಷರು ಪೋಷಕರಲ್ಲೇ ಒಬ್ಬರು, ಹೆಡ್‌ಮಾಸ್ತರರು ಸದಸ್ಯ ಕಾರ್ಯದರ್ಶಿ. ಕೆಲಸ ಏನು? ಶಾಲೆ ಹೇಗೆ ನಡೀತಿದೆ ಅಂತ ನೋಡೋದು, ಬಂದ ಅನುದಾನ ಹೇಗೆ ಖರ್ಚಾಯ್ತು ಅಂತ ನೋಡೋದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸೋದು.

ಈ ಕೊನೆಯದ್ದನ್ನ ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ. 22ನೇ ಸೆಕ್ಷನ್ ಪ್ರಕಾರ, ಸಮಿತಿ ಮಾಡಿದ ಆ ಯೋಜನೆಯೇ ಸರ್ಕಾರ ಕೊಡುವ ಅನುದಾನಕ್ಕೆ ಆಧಾರ ಆಗಬೇಕು. ಕೇಂದ್ರದ ಮಾದರಿ ನಿಯಮದಲ್ಲಿ ಅದು ಮೂರು ವರ್ಷದ ಯೋಜನೆ: ಯಾವ ತರಗತಿಗೆ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಕಡಿಮೆ, ಯಾವ ಕೋಣೆ, ಯಾವ ಶೌಚಾಲಯ, ಅದಕ್ಕೆ ಎಷ್ಟು ದುಡ್ಡು. ಅಂದ್ರೆ ಬಜೆಟ್ ಕೆಳಗಿನಿಂದ ಮೇಲಕ್ಕೆ ಹೋಗಬೇಕು ಅನ್ನೋದು ಕಾನೂನಿನ ಆಸೆ. ನಾನು ಬಿಕಾಂ ಓದಿದವನು, ಹಂಗಾಗಿ ನನಗೆ ಇದು ಹೀಗೆ ಕಾಣುತ್ತೆ: ಎಸ್‌ಡಿಎಂಸಿ ಶಾಲೆಯ ಆಡಿಟರ್ ಕೂಡ ಹೌದು, ಬಜೆಟ್ ಬರೆಯುವವರೂ ಹೌದು.

ತಕರಾರು ಬೇರೆ, ನಿಲುವು ಬೇರೆ

ಈಗ ಮುಖ್ಯ ಮಾತಿಗೆ ಬರೋಣ. 'ನಮ್ಮ ಸಾಲ್ಯಾಗ ಮಾಸ್ತರಿಲ್ರಿ.' ಕಟ್ಟೆ ಮೇಲೆ ಕೂತು ಈ ಮಾತು ಎಷ್ಟು ಸಲ ಕೇಳಿಲ್ಲ ನಾವು? ಇದು ತಕರಾರು. ತಕರಾರಿಗೆ ಅಧಿಕಾರಿಗಳ ಹತ್ರ ಯಾವಾಗಲೂ ಒಂದು ಉತ್ತರ ರೆಡಿ ಇರುತ್ತೆ: 'ನೋಡೋಣ.'

ಅದೇ ಮಾತು ಎಸ್‌ಡಿಎಂಸಿ ಸಭೆಯ ನಡಾವಳಿ ಪುಸ್ತಕದಲ್ಲಿ ಹೀಗೆ ಬಂತು ಅಂದ್ಕೊಳ್ಳಿ. ಇದು ಉದಾಹರಣೆ ಅಷ್ಟೇ: 'ನಮ್ಮ ಶಾಲೆಯಲ್ಲಿ 1ರಿಂದ 5ನೇ ತರಗತಿವರೆಗೆ 96 ಮಕ್ಕಳಿದ್ದಾರೆ. ಆರ್‌ಟಿಇ ಪ್ರಕಾರ 91ರಿಂದ 120 ಮಕ್ಕಳಿಗೆ ನಾಲ್ಕು ಶಿಕ್ಷಕರು ಇರಬೇಕು. ಇಬ್ಬರು ಇದ್ದಾರೆ. ಉಳಿದ ಎರಡು ಹುದ್ದೆಗಳನ್ನು ಈ ಶೈಕ್ಷಣಿಕ ವರ್ಷದಲ್ಲೇ ತುಂಬಬೇಕೆಂದು ಸಭೆ ಠರಾಯಿಸಿದೆ.' ಕೆಳಗೆ ದಿನಾಂಕ, ಸದಸ್ಯರ ಸಹಿ.

ವ್ಯತ್ಯಾಸ ನೋಡಿದ್ರಾ? ಇದರಲ್ಲಿ ಕಾನೂನು ಇದೆ, ಅಂಕಿ ಇದೆ, ಗಡುವು ಇದೆ, ಹೊಣೆ ಹೊತ್ತ ಹೆಸರುಗಳಿವೆ. ಇದಕ್ಕೆ 'ನೋಡೋಣ' ಅನ್ನೋಕೆ ಬರಲ್ಲ, ಲಿಖಿತ ಉತ್ತರ ಕೇಳಬಹುದು. ನಮ್ಮ ಕಡೆ ಇದಕ್ಕೆ ಠರಾವು ಅಂತಾರೆ. ಸಮಿತಿಯೊಂದು ನೀತಿಯ ಬಗ್ಗೆ ನಿಲುವು ತಗೊಳ್ಳೋದು ಅಂದ್ರೆ ಮೊದಲ ಮೆಟ್ಟಿಲು ಇದೇ.

ಒಂದು ಮೊಟ್ಟೆಯ ಲೆಕ್ಕ

ಎರಡನೇ ಮೆಟ್ಟಿಲಿಗೆ ಮೊಟ್ಟೆಯ ಕಥೆ ಬೇಕು. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಆರಿಸಿಕೊಂಡ ಏಳು ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಒಂದು. ಜೊತೆಗೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳು ಅಂತ. ಕೆಲವು ಮಠಾಧೀಶರು ವಿರೋಧಿಸಿದ್ರು, ಬೇಕೇ ಬೇಕು ಅಂತ ಮಕ್ಕಳು, ಪೋಷಕರು, ಸಂಘಟನೆಗಳು ಮಾತಾಡಿದ್ರು. 2022ರಲ್ಲಿ ಅದು ಎಲ್ಲ ಜಿಲ್ಲೆಗಳಿಗೂ ಹೋಯ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನ ಆಯ್ತು. ತಿನ್ನದವರಿಗೆ ಆಗ ಬಾಳೆಹಣ್ಣು ಅಥವಾ ಚಿಕ್ಕಿ ಇತ್ತು.

ಈಗ ಶಾಲೆಯ ಮಟ್ಟಕ್ಕೆ ಬನ್ನಿ. ಒಂದು ಮೊಟ್ಟೆಗೆ ನಿಗದಿ ಮಾಡಿದ್ದು 6 ರೂಪಾಯಿ, ಅದರಲ್ಲೇ ಬೇಯಿಸೋ ಖರ್ಚು, ಸಾಗಾಟ ಎಲ್ಲ ಸೇರಿ. ಮೊಟ್ಟೆ ರೇಟು ಪೇಟೆಯಲ್ಲಿ ಏರಿದಾಗ ಹೆಡ್‌ಮಾಸ್ತರರು ಕೈಯಿಂದ ಹಾಕಬೇಕಾಯ್ತು ಅನ್ನೋ ದೂರು ರಾಜ್ಯದ ಬೇರೆ ಬೇರೆ ಕಡೆಯಿಂದ ಬಂತು.

ಲೆಕ್ಕ ಮಾಡೋಣ. ಒಂದು ಮೊಟ್ಟೆಗೆ ಬರೀ 1 ರೂಪಾಯಿ ಕೊರತೆ ಅಂದ್ಕೊಳ್ಳಿ. 150 ಮಕ್ಕಳ ಶಾಲೆಯಲ್ಲಿ ದಿನಕ್ಕೆ 150 ರೂಪಾಯಿ. 1ರಿಂದ 5ನೇ ತರಗತಿಗೆ ಆರ್‌ಟಿಇ ಹೇಳುವ ಕನಿಷ್ಠ 200 ದಿನಕ್ಕೆ 30,000 ರೂಪಾಯಿ. ಇದು ಒಂದು ಶಾಲೆ. ಇಂಥ 100 ಶಾಲೆಗಳ ಎಸ್‌ಡಿಎಂಸಿಗಳು ತಮ್ಮ ತಮ್ಮ ಲೆಕ್ಕವನ್ನ ಒಂದೇ ಕಾಗದದ ಮೇಲೆ ತಂದ್ರೆ 30 ಲಕ್ಷ.

ಒಂದು ಶಾಲೆಯ 30,000 ಅಂದ್ರೆ ಅದು 'ಆ ಹೆಡ್‌ಮಾಸ್ತರರ ಕಷ್ಟ'. ನೂರು ಶಾಲೆಯ 30 ಲಕ್ಷ ಅಂದ್ರೆ ಅದು 'ದರ ನಿಗದಿಯ ತಪ್ಪು'. ದುಡ್ಡು ಅದೇ, ಮಕ್ಕಳು ಅವರೇ. ಆದ್ರೆ ಮೊದಲನೆಯದನ್ನ ಬಿಇಒ ಕಚೇರಿಯಲ್ಲಿ ಸಮಾಧಾನ ಮಾಡಿ ಕಳಿಸ್ತಾರೆ, ಎರಡನೆಯದಕ್ಕೆ ಬೆಂಗಳೂರಲ್ಲಿ ಫೈಲ್ ತೆಗೀಬೇಕಾಗುತ್ತೆ. ಎರಡನೇ ಮೆಟ್ಟಿಲು ಇದು: ಒಟ್ಟು ಸೇರೋದು.

ಬೇರೆಯವರು ಹೇಗೆ ಮಾಡ್ತಾರೆ

ಅಮೆರಿಕದಲ್ಲಿ ಇದನ್ನ ಬಹಳ ವರ್ಷದಿಂದ ಒಂದು ಪದ್ಧತಿಯಾಗಿಯೇ ಮಾಡ್ಕೊಂಡು ಬಂದಿದ್ದಾರೆ. ಅಲ್ಲಿ 13,000ಕ್ಕೂ ಹೆಚ್ಚು ಶಾಲಾ ಜಿಲ್ಲೆಗಳಿವೆ, ಬಹುತೇಕ ಎಲ್ಲಕ್ಕೂ ಜನರೇ ಆರಿಸಿದ ಸ್ಕೂಲ್ ಬೋರ್ಡ್. ಉದಾಹರಣೆಗೆ ಟೆಕ್ಸಾಸ್ ರಾಜ್ಯದಲ್ಲಿ ಈ ಬೋರ್ಡುಗಳ ಒಕ್ಕೂಟ ಇದೆ. ಸ್ಥಳೀಯ ಬೋರ್ಡು ತನ್ನ ಠರಾವನ್ನ ಒಕ್ಕೂಟಕ್ಕೆ ಕಳಿಸುತ್ತೆ. ಎಲ್ಲ ಕಡೆಯ ಪ್ರತಿನಿಧಿಗಳು ಒಂದು ಕಡೆ ಸೇರಿ ಮತ ಹಾಕ್ತಾರೆ. ಗೆದ್ದ ಠರಾವು ಒಕ್ಕೂಟದ ಅಧಿಕೃತ ನಿಲುವು ಆಗುತ್ತೆ, ಶಾಸಕರ ಮುಂದೆ ಎಲ್ಲರೂ ಅದನ್ನೇ ಹೇಳ್ತಾರೆ. ಹಂಗಂತ ಅವರ ಬೋರ್ಡು, ನಮ್ಮ ಎಸ್‌ಡಿಎಂಸಿ ಒಂದೇ ಅಲ್ಲ. ಅಲ್ಲಿ ಹೆಚ್ಚಿನ ಬೋರ್ಡುಗಳಿಗೆ ತೆರಿಗೆ ಹಾಕುವ, ಸಿಬ್ಬಂದಿ ನೇಮಿಸುವ ಅಧಿಕಾರವೂ ಇದೆ. ನಮ್ಮಲ್ಲಿ ಶಿಕ್ಷಕರ ನೇಮಕ, ವರ್ಗಾವಣೆ ಎಲ್ಲ ಸರ್ಕಾರದ ಕೈಯಲ್ಲಿ.

ನಮ್ಮಲ್ಲಿ ಅಂಥ ಪ್ರಯತ್ನ ಇಲ್ಲವೇ ಇಲ್ಲ ಅಂತಲ್ಲ. ಎಸ್‌ಡಿಎಂಸಿಗಳ ಸಮನ್ವಯ ವೇದಿಕೆ ಇದೆ. ಶಿಕ್ಷಣ ತಜ್ಞ ನಿರಂಜನಾರಾಧ್ಯ ವಿ.ಪಿ. ಅದರ ಮಹಾಪೋಷಕರು. ಸರ್ಕಾರಿ ಶಾಲೆಗಳನ್ನ ಮುಚ್ಚಬೇಡಿ, ಆರ್‌ಟಿಇ ಪೂರ್ತಿ ಜಾರಿ ಮಾಡಿ, ಖಾಸಗಿಗೆ ಹೋಗೋ ದುಡ್ಡನ್ನ ಸರ್ಕಾರಿ ಶಾಲೆ ಬಲಪಡಿಸೋಕೆ ಬಳಸಿ ಅನ್ನೋದು ಅವರು ವರ್ಷಗಳಿಂದ ಹೇಳ್ಕೊಂಡು ಬಂದ ಮಾತು. ಅದನ್ನ ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಪೋಷಕರ ಸಮಿತಿಗಳು ಒಂದು ದನಿಯಾಗಿ ಮಾತಾಡಬಹುದು ಅನ್ನೋದಕ್ಕೆ ನಮ್ಮ ಮಣ್ಣಿನದೇ ಮಾದರಿ ಅದು.

ದುಡ್ಡು ಕೇಳೋಕೆ ನೆನಪಾಗೋ ಸಮಿತಿ

2022ರ ಅಕ್ಟೋಬರ್ ನೆನಪಿದೆಯಾ? ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತ್ತು: ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ. ಬಲವಂತ ಇಲ್ಲ, ಸ್ವಇಚ್ಛೆ ಅಂತಲೂ ಹೇಳಿತ್ತು. ಆದ್ರೆ ಹಳ್ಳಿಯಲ್ಲಿ ಸ್ವಇಚ್ಛೆಯ ಅರ್ಥ ಏನಾಗುತ್ತೆ ಅಂತ ನಮಗೆ ಗೊತ್ತು. ಪಟ್ಟಿಯಲ್ಲಿ ಪಕ್ಕದ ಮನೆಯವರ ಹೆಸರಿದ್ದು ನಮ್ಮ ಹೆಸರು ಇಲ್ಲದಿದ್ರೆ ಮಗು ತಲೆ ತಗ್ಗಿಸಬೇಕಾಗುತ್ತೆ. ಉಚಿತ ಶಿಕ್ಷಣ ಮೂಲಭೂತ ಹಕ್ಕು ಅಲ್ವಾ ಅಂತ ಶಿಕ್ಷಣ ಹೋರಾಟಗಾರರು, ವಿರೋಧ ಪಕ್ಷಗಳು ಪ್ರಶ್ನೆ ಎತ್ತಿದ್ರು. ಕೆಲವೇ ದಿನದಲ್ಲಿ ಸುತ್ತೋಲೆ ವಾಪಸ್.

ಈ ಘಟನೆಯಿಂದ ಎರಡು ಪಾಠ. ಒಂದು, ದನಿ ಎತ್ತಿದ್ರೆ ಆದೇಶ ತಿರುಗುತ್ತೆ. ಎರಡು, ಮೇಲಿನವರಿಗೆ ಎಸ್‌ಡಿಎಂಸಿ ನೆನಪಾದದ್ದು ಯಾವಾಗ ನೋಡಿ: ದುಡ್ಡು ಕೂಡಿಸೋಕೆ. ಶೂ-ಸಾಕ್ಸ್ ಕೊಳ್ಳೋಕೆ, ಮೊಟ್ಟೆ ತರೋಕೆ, ಗೋಡೆಗೆ ಬಣ್ಣ ಹೊಡಿಸೋಕೆ ಸಮಿತಿ ಬೇಕು. ನೀತಿ ಬರೆಯುವಾಗ ಅದರ ಅಭಿಪ್ರಾಯ ಯಾರೂ ಕೇಳಲ್ಲ. ಕೇಳದಿದ್ರೂ ಹೇಳುವ ದಾರಿ 22ನೇ ಸೆಕ್ಷನ್‌ನಲ್ಲಿದೆ. ನಾವೇ ಬಳಸ್ತಾ ಇಲ್ಲ.

ವಸ್ತಿ ಶಾಲೆಯ ಪ್ರಶ್ನೆ

ಇದು ಈಗ ಯಾಕೆ ಮುಖ್ಯ? 2025ರಲ್ಲಿ ರಾಜ್ಯ ಸರ್ಕಾರ ಕರ್ನಾಟಕ ಪಬ್ಲಿಕ್ ಶಾಲೆಗಳನ್ನ, ಅಂದ್ರೆ ಕೆಪಿಎಸ್‌ಗಳನ್ನ, ದೊಡ್ಡ ಪ್ರಮಾಣದಲ್ಲಿ ಹೆಚ್ಚಿಸೋಕೆ ಹೊರಟಿತು. ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ಪಿಯುವರೆಗೆ. ಒಳ್ಳೆ ಕಟ್ಟಡ, ಲ್ಯಾಬು, ಇಂಗ್ಲಿಷ್ ಮಾಧ್ಯಮ. ಅದರ ಜೊತೆಗೇ ಸುತ್ತಲಿನ ಸಣ್ಣ ಶಾಲೆಗಳು ಅದರಲ್ಲಿ ವಿಲೀನ ಆಗ್ತವೆ ಅನ್ನೋ ಆತಂಕವೂ ಎದ್ದಿತು. ವಿದ್ಯಾರ್ಥಿ ಸಂಘಟನೆಗಳು ಬೀದಿಗೆ ಇಳಿದವು. ಯಾವ ಶಾಲೆಯನ್ನೂ ಮುಚ್ಚಲ್ಲ ಅಂತ ಸರ್ಕಾರ ಹೇಳಿತು.

ನಮ್ಮ ಚಡಚಣ, ಇಂಡಿ, ಸಿಂದಗಿ ಕಡೆಯವರಿಗೆ ಇದು ಟಿವಿ ಚರ್ಚೆಯ ವಿಷಯ ಅಲ್ಲ. ನಮ್ಮಲ್ಲಿ ಎಷ್ಟೋ ಕುಟುಂಬ ಊರೊಳಗೆ ಇರಲ್ಲ, ತೋಟದ ವಸ್ತಿಯಲ್ಲಿ ಇರ್ತಾರೆ. ಅಲ್ಲಿಯ ಮಕ್ಕಳಿಗೆ ಹತ್ತಿರದ ಸಣ್ಣ ಶಾಲೆಯೇ ಆಧಾರ. ಮಾದರಿ ನಿಯಮದ ಪ್ರಕಾರ 1ರಿಂದ 5ನೇ ತರಗತಿಗೆ 1 ಕಿಲೋಮೀಟರ್ ಒಳಗೆ, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಕಾಗದದ ಮೇಲೆ 3 ಕಿಲೋಮೀಟರ್ ಚಿಕ್ಕದು. ಏಪ್ರಿಲ್ ಬಿಸಿಲಲ್ಲಿ, ಹಳ್ಳ ದಾಟಿಕೊಂಡು, ಬಸ್ಸಿಲ್ಲದ ದಾರಿಯಲ್ಲಿ ಆರನೇ ತರಗತಿಯ ಹುಡುಗಿಗೆ ಅದು ಚಿಕ್ಕದಲ್ಲ. ಕಬ್ಬು ಕಡಿಯೋಕೆ ಗುಳೆ ಹೋಗುವ ಮನೆಯಲ್ಲಿ ಅಜ್ಜಿ ಹತ್ರ ಉಳಿದ ಮಗುವನ್ನ ದಿನಾ ಅಷ್ಟು ದೂರ ಬಿಡೋರು ಯಾರು?

ಹಂಗಂತ ವಿಲೀನ ಅಂದ ಕೂಡಲೇ ಬೇಡ ಅನ್ನಬೇಕು ಅಂತ ನಾನು ಹೇಳ್ತಿಲ್ಲ. ಹತ್ತು ಮಕ್ಕಳಿಗೆ ಒಬ್ಬರೇ ಶಿಕ್ಷಕರು ಐದೂ ತರಗತಿ ನಡೆಸೋದು ಆ ಮಕ್ಕಳಿಗೂ ಚಂದ ಅಲ್ಲ. ಬಸ್ ಕೊಟ್ರೆ ಹೋಗ್ತೀವಿ ಅನ್ನೋ ವಸ್ತಿ ಇರಬಹುದು, ಎಷ್ಟು ಕೊಟ್ರೂ ಬೇಡ ಅನ್ನೋ ವಸ್ತಿ ಇರಬಹುದು. ಅದನ್ನ ತೀರ್ಮಾನಿಸುವ ಮೊದಲು ಆ ಶಾಲೆಯ ಎಸ್‌ಡಿಎಂಸಿ ತನ್ನ ನಿಲುವನ್ನ ಬರೆದಿಟ್ಟಿರಬೇಕು: ಎಷ್ಟು ಮಕ್ಕಳು, ಎಷ್ಟು ದೂರ, ಯಾವ ದಾರಿ, ಯಾವ ಷರತ್ತು. ಆದೇಶ ಬಂದ ಮೇಲೆ ಗೇಟಿನ ಮುಂದೆ ಕೂರೋದಕ್ಕಿಂತ ಬರೋಕೆ ಮೊದಲು ಬರೆದ ಒಂದು ಪುಟಕ್ಕೆ ಬೆಲೆ ಹೆಚ್ಚು.

ಗಡಿಯಾಚೆಗೂ ಇದೇ ಮಾತು. ಚಡಚಣದಿಂದ ಸ್ವಲ್ಪ ದೂರ ಹೋದ್ರೆ ಮಹಾರಾಷ್ಟ್ರ. ಜತ್, ಅಕ್ಕಲಕೋಟೆ, ದಕ್ಷಿಣ ಸೋಲಾಪುರದಲ್ಲಿ ಅಲ್ಲಿಯ ಜಿಲ್ಲಾ ಪರಿಷತ್ತು ನಡೆಸುವ ಕನ್ನಡ ಶಾಲೆಗಳಿವೆ. ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರೇ ಬೇಕು ಅನ್ನೋದು ಅಲ್ಲಿಯವರ ಬೇಡಿಕೆ. ಕಾಸರಗೋಡಿನಲ್ಲೂ ಕನ್ನಡ ಬಾರದವರ ನೇಮಕ ಆದಾಗ ಪೋಷಕರು, ಮಕ್ಕಳು ಪ್ರತಿಭಟಿಸಿದ್ದು ಇದೇ ಕಾರಣಕ್ಕೆ. ಆರ್‌ಟಿಇ ಇಡೀ ದೇಶದ ಕಾನೂನು, ಹಾಗಾಗಿ ಅಲ್ಲೂ ಪೋಷಕರ ಸಮಿತಿ ಇದೆ. ಅಲ್ಲಿ ಶಿಕ್ಷಕರನ್ನ ನೇಮಿಸುವ ಅಧಿಕಾರ ಬೆಂಗಳೂರಿಗೆ ಇಲ್ಲ. ಆ ಶಾಲೆಯ ಒಳಗಿಂದಲೇ ಕಾನೂನಿನ ಬಲದಿಂದ ಕೇಳಬಲ್ಲವರು ಆ ಸಮಿತಿಯ ಅಪ್ಪ-ಅಮ್ಮಂದಿರು.

ಸಮಿತಿಗೂ ಒಂದು ಗೆರೆ ಇದೆ

ಇನ್ನೊಂದು ಮಾತು ಹೇಳದಿದ್ರೆ ಕಥೆ ಅರ್ಧ. ಬಹುಮತ ಇದೆ ಅಂತ ಸಮಿತಿ ಅಥವಾ ಊರು ಏನು ಬೇಕಾದ್ರೂ ತೀರ್ಮಾನಿಸೋಕೆ ಆಗಲ್ಲ. 2025ರಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ ಇದು ನಡೀತು. ದೇವಸ್ಥಾನ ಹತ್ತಿರ ಇದೆ, ಶಾಲೆಯಲ್ಲಿ ಮೊಟ್ಟೆ ಬೇಯಿಸಬೇಡಿ ಅಂತ ಒಂದು ಗುಂಪು. ನಮ್ಮ ಮಕ್ಕಳಿಗೆ ಬರಬೇಕಾದ ಮೊಟ್ಟೆ ಕೊಡಿ ಅಂತ ಇನ್ನೊಂದು ಗುಂಪು. ಅಧಿಕಾರಿಗಳು ಮೊಟ್ಟೆ ಕೊಡಲೇಬೇಕು ಅಂದಾಗ ಬಹಳ ಪೋಷಕರು ಮಕ್ಕಳ ಟಿಸಿ ತಗೊಂಡು ಬೇರೆ ಶಾಲೆಗೆ ಸೇರಿಸಿದ್ರು.

ಇಲ್ಲಿ ಗೆರೆ ಸ್ಪಷ್ಟ. ಸಮಿತಿ ಸರ್ಕಾರದಿಂದ ಹೆಚ್ಚು ಕೇಳಬಹುದು. ಆದ್ರೆ ಕಾನೂನು ಒಂದು ಮಗುವಿಗೆ ಕೊಟ್ಟದ್ದನ್ನ ಕೈ ಎತ್ತಿಸಿ ಕಿತ್ತುಕೊಳ್ಳೋಕೆ ಬರಲ್ಲ. ಸಮಿತಿಯಲ್ಲಿ ದುರ್ಬಲ ವರ್ಗದ ಪೋಷಕರಿಗೆ ಜಾಗ ಇರಲೇಬೇಕು ಅಂತ 21ನೇ ಸೆಕ್ಷನ್ ಹೇಳಿದ್ದು ಸುಮ್ಮನೆ ಅಲ್ಲ. ಆ ಕುರ್ಚಿ ಖಾಲಿ ಇದ್ರೆ, ಅಥವಾ ಅದರಲ್ಲಿ ಕೂತವರಿಗೆ ಮಾತಾಡೋಕೆ ಬಿಡದಿದ್ರೆ, ಠರಾವು ಊರಿನದ್ದಾಗಲ್ಲ, ಊರ ಧಣಿಯದ್ದಾಗುತ್ತೆ.

ಹೆಣ್ಣುಮಕ್ಕಳ ಕುರ್ಚಿಯ ಗತಿಯೂ ಅದೇ. ಸದಸ್ಯೆ ವೈನಿ, ಸಭೆಗೆ ಬರೋದು ಅಣ್ಣ. 'ಸಹಿ ಮಾಡು ಅಂದ್ರು, ಮಾಡೀನ್ರಿ' ಅನ್ನೋದು ನಮ್ಮ ಕಡೆ ಮಾಮೂಲು ಮಾತು. ಆದ್ರೆ ಶೌಚಾಲಯದಲ್ಲಿ ನೀರಿಲ್ಲ ಅಂತ ಮಗಳು ಮೊದಲು ಹೇಳೋದು ಯಾರಿಗೆ? ಅವ್ವಗೆ. ಆ ಅವ್ವ ಸಭೆಯಲ್ಲಿ ಇಲ್ಲದಿದ್ರೆ ಆ ವಿಷಯ ಪುಸ್ತಕಕ್ಕೆ ಬರೋದೇ ಇಲ್ಲ.

ನೀವು ಏನು ಮಾಡಬಹುದು

ನೀವು ಕೇಳಬಹುದು: 'ಅಲ್ರಿ, ನನಗಿನ್ನೂ ಮದುವೆನೇ ಆಗಿಲ್ಲ, ಇದು ನನಗ್ಯಾಕೆ?' ನಿಮ್ಮ ಅಕ್ಕನ ಮಗ, ಅಣ್ಣನ ಮಗಳು ಆ ಶಾಲೆಯಲ್ಲಿ ಇರಬಹುದು. ಅವರಪ್ಪ-ಅವ್ವಗೆ ಇಲ್ಲದ ಒಂದು ವಸ್ತು ನಿಮ್ಮ ಕೈಯಲ್ಲಿದೆ: ಈ ಫೋನು, ಮತ್ತು ಅದರಲ್ಲಿ ಕಾಯ್ದೆ ಹುಡುಕಿ ಓದೋ ರೂಢಿ.

ಹಾಗಾಗಿ ನಾಲ್ಕು ಕೆಲಸ. ಒಂದು, ಶಾಲೆಗೆ ಹೋಗಿ ಸಮಿತಿ ಸದಸ್ಯರ ಪಟ್ಟಿ ನೋಡಿ. ನಿಮ್ಮ ಮನೆಯವರು ಇದ್ರೆ ಮುಂದಿನ ಸಭೆಗೆ ಅವರನ್ನೇ ಕಳಿಸಿ, ಅವರ ಬದಲು ನೀವು ಹೋಗಬೇಡಿ. ಎರಡು, ಈ ವರ್ಷದ ಶಾಲಾ ಅಭಿವೃದ್ಧಿ ಯೋಜನೆ ಎಲ್ಲಿದೆ ಅಂತ ಕೇಳಿ. ಕೊಡದಿದ್ರೆ ಮಾಹಿತಿ ಹಕ್ಕಿನ ಅರ್ಜಿ ಇದೆ: 10 ರೂಪಾಯಿ ಶುಲ್ಕ, 150 ಪದದ ಒಳಗೆ ಒಂದೇ ವಿಷಯ, 30 ದಿನದಲ್ಲಿ ಉತ್ತರ. ಮೂರು, ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ಯಾವಾಗ ಅಂತ ಪಿಡಿಒ ಅವರನ್ನ ಕೇಳಿ. ಮಕ್ಕಳ ಬೇಡಿಕೆ, ಎಸ್‌ಡಿಎಂಸಿ ಠರಾವು ಎರಡೂ ಒಂದೇ ಮಾತು ಹೇಳಿದ್ರೆ ತೂಕ ಹೆಚ್ಚುತ್ತೆ. ನಾಲ್ಕು, ಪಕ್ಕದ ಊರಿನ ಸಮಿತಿಗೆ ಅದೇ ಠರಾವು ಕಳಿಸಿ, ಅವರ ಅಂಕಿ ಹಾಕಿಸಿ, ಎಲ್ಲ ಸೇರಿಸಿ ಒಂದೇ ದಿನ ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ.

ಅಲ್ಲೂ ಕೆಲಸ ಆಗದಿದ್ರೆ ಆರ್‌ಟಿಇ 32ನೇ ಸೆಕ್ಷನ್ ಇದೆ. ಮಗುವಿನ ಹಕ್ಕಿನ ಬಗ್ಗೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ರೆ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು. ಒಪ್ಪಿಗೆ ಇಲ್ಲದಿದ್ರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.

ಎಲ್ಲ ಠರಾವೂ ಗೆಲ್ಲಲ್ಲ. ಆದ್ರೆ ಬರೆಯದ ಠರಾವು ಸೋತದ್ದೂ ಲೆಕ್ಕಕ್ಕೆ ಬರಲ್ಲ. ನಾಳೆ ನಿಮ್ಮ ವಸ್ತಿ ಶಾಲೆಯ ಬಗ್ಗೆ ಯಾರೋ ಬೆಂಗಳೂರಲ್ಲಿ ತೀರ್ಮಾನ ಮಾಡುವಾಗ, 'ಪೋಷಕರ ಅಭಿಪ್ರಾಯ ಏನು' ಅನ್ನೋ ಕಾಲಮ್ ಎದುರು ಒಂದು ದಿನಾಂಕ, ಒಂದು ಅಂಕಿ, ಒಂದಿಷ್ಟು ಸಹಿ ಇರಲಿ. ಸಹಿ ಬಾರದ ಅವ್ವಂದಿರ ಹೆಬ್ಬೆಟ್ಟೂ ಇರಲಿ, ಅದಕ್ಕೂ ಅಷ್ಟೇ ಬೆಲೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಶರಣು.